ಮೆಟ್ಟಿಲ ಕೆಳಗಿನ ಡ್ರಮ್ಮು

ರುದ್ರಾಣಿಯ ಸೊಂಟದಲ್ಲಿ ಸದಾ ಒಂದು ಟೆಸ್ಟರ್ ಇರುತ್ತಿತ್ತು. ಬೇರೆ ಹೆಂಗಸರು ಎಲೆಯಡಿಕೆ ಚೀಲ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅವಳು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದಳು. ಹಳದಿ ಹಿಡಿ, ಒಳಗೆ ಕರೆಂಟು ಇದ್ದರೆ ಹತ್ತುವ ಜೀರಿಗೆಯಷ್ಟು ದೀಪ. ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು. ನಲ್ಲಿ ಮುಟ್ಟುವ ಮೊದಲು ನಲ್ಲಿಗೆ ಹಿಡಿಯುತ್ತಿದ್ದಳು. ಬಾಗಿಲ ಚಿಲಕಕ್ಕೆ ಹಿಡಿಯುತ್ತಿದ್ದಳು. ಒಮ್ಮೆ ಬಸ್ಸಿನ ಕಂಬಿಗೂ ಹಿಡಿದಿದ್ದಳು. ಕಂಡಕ್ಟರು ನೋಡಿ, "ಏನಮ್ಮಾ, ನಮ್ಮ ಬಸ್ಸಿಗೆ ಜ್ವರ ನೋಡ್ತೀರಾ?" ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ದೀಪ ಹತ್ತಲಿಲ್ಲ ಎಂದು ನೋಡಿಕೊಂಡ ಮೇಲೇ ಕಂಬಿ ಹಿಡಿದಳು.

ಅವಳ ಗಂಡ ದೇವರಾಜ ಸತ್ತದ್ದು ತೊಂಬತ್ತೇಳರ ಆಷಾಢದಲ್ಲಿ, ಬಟ್ಟೆ ಒಣಗಿಸುವ ತಂತಿ ಹಿಡಿದು.

ಗಂಡ ಹೆಂಡತಿ ಇಬ್ಬರೂ ಹೊರನಾಡಿನಲ್ಲಿ ಮಲ್ಲಿಕಾರ್ಜುನಪ್ಪನವರ ಲಾಡ್ಜಿನಲ್ಲಿ ಕೆಲಸಕ್ಕಿದ್ದರು. ಅಮ್ಮನವರ ದರ್ಶನಕ್ಕೆ ಬಂದವರು ಒಂದು ರಾತ್ರಿ ಉಳಿದು ಹೋಗುವ ಲಾಡ್ಜು, ಹದಿನಾಲ್ಕು ರೂಮು. ದಿನಾ ಇಪ್ಪತ್ತು ಇಪ್ಪತ್ತೈದು ಬೆಡ್‌ಶೀಟು ಒಗೆಯಬೇಕು. ಮಳೆಗಾಲದಲ್ಲೂ ಜನ ಬರುತ್ತಾರೆ, ಬಿಸಿಲು ಬರುವುದಿಲ್ಲ. ಹಿತ್ತಿಲಲ್ಲಿ ತಗಡಿನ ಮಾಡು, ಮಾಡಿನ ಕಬ್ಬಿಣದ ಪೈಪಿನಿಂದ ಗೋಡೆಯ ಮೊಳೆಗೆ ಒಂದು ಜಿಐ ತಂತಿ. ಊರಲ್ಲೆಲ್ಲ ಹಾಗೇ ಕಟ್ಟುತ್ತಾರೆ. ಕರೆಂಟಿನ ಸರ್ವೀಸ್ ವೈರು ಆ ತಗಡಿನ ಅಂಚಿಗೆ ತಾಗುತ್ತಿತ್ತು. ಗಾಳಿ ಬಂದಾಗೆಲ್ಲ ಉಜ್ಜುತ್ತಿತ್ತು. ಎಷ್ಟು ವರ್ಷ ಉಜ್ಜಿತೋ, ಮೇಲಿನ ರಬ್ಬರು ಹರಿದಿತ್ತು. ಅದನ್ನು ಯಾರೂ ನೋಡಿರಲಿಲ್ಲ.

ಬೆಳಿಗ್ಗೆ ಒಂಬತ್ತು ಗಂಟೆ. ರುದ್ರಾಣಿ ಕಲ್ಲಿನ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ದೇವರಾಜ ಹೆಗಲ ಮೇಲೆ ಒದ್ದೆ ಶೀಟುಗಳನ್ನು ಹಾಕಿಕೊಂಡು ಹೋಗಿ ತಂತಿಗೆ ಕೈ ಹಾಕಿದ. ಆ ಕೈ ತೆರೆಯಲೇ ಇಲ್ಲ. ಅವನು ಕೂಗಲೂ ಇಲ್ಲ. ಅವನ ಬೆನ್ನು ಬಿಲ್ಲಿನ ಹಾಗೆ ಆದದ್ದನ್ನು ಅವಳು ನೋಡಿದಳು. ಬಟ್ಟೆ ಬಿಟ್ಟು ಓಡಿದಳು. ಅವನ ತೋಳಿಗೆ ಒಂದು ಮೊಳ ಇದೆ ಎನ್ನುವಾಗ ಅಡುಗೆಯ ವಸಂತಮ್ಮ ಹಿಂದಿನಿಂದ ಅವಳ ಜಡೆ ಹಿಡಿದು ಎಳೆದುಬಿಟ್ಟಳು. ರುದ್ರಾಣಿ ಅಂಗಾತ ಬಿದ್ದಳು. ಹಾಗೆ ಎಳೆಯದೇ ಇದ್ದಿದ್ದರೆ ಆರು ವರ್ಷದ ಮಗಳು ಮೇಘಶ್ರೀಗೆ ಆವತ್ತು ಅಪ್ಪ ಅಮ್ಮ ಇಬ್ಬರೂ ಇರುತ್ತಿರಲಿಲ್ಲ.

ಎಷ್ಟೋ ದಿನ ರುದ್ರಾಣಿ ವಸಂತಮ್ಮನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನೇ ಹೋಗಿ ಒಲೆ ಮುಂದೆ ಕೂತಳು. ವಸಂತಮ್ಮ ಕಾಫಿ ಕೊಟ್ಟಳು. ಅಷ್ಟೇ.

ಅದಾದ ಮೇಲೆ ರುದ್ರಾಣಿ ಹಿತ್ತಿಲ ಕಡೆಗೇ ಹೋಗಲಿಲ್ಲ. ಮಾಡು ಬಿಚ್ಚಿದರು, ತಂತಿ ಬಿಚ್ಚಿದರು, ಸರ್ವೀಸ್ ವೈರು ಬದಲಾಯಿಸಿದರು. ಆದರೂ ಹೋಗಲಿಲ್ಲ. ಲಾಡ್ಜಿನ ಮೇಲಿನ ಮೊಗಸಾಲೆಯಲ್ಲಿ ನೈಲಾನ್ ಹಗ್ಗ ಕಟ್ಟಿ ಅದರ ಮೇಲೆ ಒಣಹಾಕಿದಳು. ಮಳೆಗಾಲದಲ್ಲಿ ಅಲ್ಲಿ ಮೂರು ದಿನವಾದರೂ ಒಣಗುವುದಿಲ್ಲ. ಶೀಟು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಬಂದ ಭಕ್ತಾದಿಗಳು ಮೂಗು ಹಿಡಿದುಕೊಂಡು ಕೌಂಟರಿಗೆ ಬರುತ್ತಿದ್ದರು.

ಎರಡು ಮಳೆಗಾಲ ಮಲ್ಲಿಕಾರ್ಜುನಪ್ಪನವರು ಸುಮ್ಮನಿದ್ದರು. ಒಳ್ಳೆಯವರು. ದೂರದಿಂದ ನೆಂಟರೂ ಹೌದು. ಮೂರನೆಯ ವರ್ಷ, ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಅವಳನ್ನು ಕರೆದು ಹೇಳಿದರು.

"ರುದ್ರಾಣಿ, ಮಂಗಳೂರಲ್ಲಿ ಮಷಿನ್ ನೋಡ್ಕೊಂಡು ಬಂದೆ. ಒಗೆಯೋದು ಒಂದು, ಒಣಗಿಸೋದು ಒಂದು. ಎರಡೂ ಪಕ್ಕದಲ್ಲಿ ಇಡಬೇಕಂತೆ. ಎಲ್ಲಿ ಇಡಲಿ ಹೇಳು."

ಲಾಡ್ಜಿನಲ್ಲಿ ಅಂಥ ಜಾಗ ಇದ್ದದ್ದು ಒಂದೇ. ಮೆಟ್ಟಿಲ ಪಕ್ಕದ ರೂಮು. ಅದರಲ್ಲಿ ರುದ್ರಾಣಿ ಮತ್ತು ಮೇಘಶ್ರೀ ಇದ್ದರು.

"ನನ್ನ ರೂಮಾ ಯಜಮಾನ್ರೇ?"

"ನಾನು ಹೇಳ್ಲಿಲ್ಲಪ್ಪ. ನೀನೇ ಹೇಳ್ದೆ," ಎಂದರು ಅವರು. ಬೇರೆ ಕಡೆ ನೋಡುತ್ತ, "ಗೋಣಿಬೀಡಲ್ಲಿ ನಿಮ್ಮಣ್ಣ ಇದಾನಲ್ಲ," ಎಂದರು.

ಅಣ್ಣ ಇದ್ದ. ಅತ್ತಿಗೆಯೂ ಇದ್ದಳು. ದೇವರಾಜನ ತಿಥಿಗೆ ಬಂದಾಗಲೇ ಆ ಅತ್ತಿಗೆ, "ನಮ್ಮ ಮನೇಲಿ ಎರಡೇ ಕೋಣೆ ಇರೋದು ನೋಡಿ," ಎಂದು ಯಾರೂ ಕೇಳದೆ ಹೇಳಿದ್ದಳು. ಆ ಮಾತು ರುದ್ರಾಣಿಯ ಹೊಟ್ಟೆಯಲ್ಲಿ ಕೂತಿತ್ತು.

"ಮೆಟ್ಟಿಲ ಕೆಳಗೆ ಇಡಿ," ಎಂದಳು.

"ಮೆಟ್ಟಿಲ ಕೆಳಗೆ ಬೆಕ್ಕು ಮಲಗೋಕೂ ಜಾಗ ಇಲ್ಲ ಮಾರಾಯ್ತಿ."

"ಎರಡೂ ಒಂದೇ ಮಷಿನಲ್ಲಿ ಆದ್ರೆ?"

ಅದು ಅವಳ ಬಾಯಿಂದ ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ. ಒಂದು ಪಾತ್ರೆಯಲ್ಲಿ ನೀರು, ಅದೇ ಪಾತ್ರೆಗೆ ಕರೆಂಟು. ಅದನ್ನು ತಾನೇ ಕೇಳಿ ತರಿಸಿಕೊಳ್ಳುತ್ತಿದ್ದಾಳೆ. ಮೆಟ್ಟಿಲ ಕೆಳಗಿನ ಜಾಗಕ್ಕೂ ಅವಳ ರೂಮಿಗೂ ಒಂದೇ ಗೋಡೆ. ಆ ಗೋಡೆಗೆ ತಲೆಯಿಟ್ಟು ಮೇಘಶ್ರೀ ಮಲಗುತ್ತಾಳೆ. ಮಷಿನ್ ಅಲ್ಲಿಗೆ ಬಾರದಿದ್ದರೆ ರೂಮು ಹೋಗುತ್ತದೆ. ಬಂದರೆ ಮಗಳು ಹೋದಾಳು. ಆದರೂ ಅವಳು ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಅಂಥ ಮಷಿನ್ ಪೇಟೆಯಲ್ಲಿ ಎಲ್ಲಿ ಸಿಗುತ್ತದೆಂದು ಮಲ್ಲಿಕಾರ್ಜುನಪ್ಪನವರಿಗೆ ಗೊತ್ತಿರಲಿಲ್ಲ. ಅವರು ಕಳಸದ ಗುರುವಯ್ಯನನ್ನು ಕರೆಸಿದರು. ಗುರುವಯ್ಯ ಎಸ್ಟೇಟುಗಳಲ್ಲಿ ಪಲ್ಪರ್ ರಿಪೇರಿ ಮಾಡುವ ಫಿಟ್ಟರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಮಷಿನು ಅವನ ಎಡಗೈಯ ಅರ್ಧ ಬೆರಳು ತಿಂದಿತ್ತು. "ಉಳಿದ ಒಂಬತ್ತೂವರೆಯಲ್ಲೇ ಸಂಸಾರ ನಡೀತಿದೆ" ಎನ್ನುತ್ತಿದ್ದ. ಮೋಟರು, ಬೆಲ್ಟು, ತಗಡು ಯಾವುದು ಕೊಟ್ಟರೂ ಏನಾದರೊಂದು ಮಾಡುವ ಆಸಾಮಿ.

ಅವನು ಬಂದು ಮೆಟ್ಟಿಲ ಕೆಳಗೆ ತಲೆ ಹಾಕಿದ. ಟೇಪು ಹಿಡಿದ. ಒಂದು ಕಡೆ ಐದಡಿ ಎತ್ತರ, ಇಳಿಯುತ್ತ ಇಳಿಯುತ್ತ ಇನ್ನೊಂದು ಕಡೆ ಒಂದಡಿ. ಅಗಲ ಮೂರಡಿಗೆ ಎರಡಂಗುಲ ಕಮ್ಮಿ.

"ಮೇಲೆ ಮುಚ್ಚಳ ಮಾಡಿದ್ರೆ ತೆಗೆಯೋಕೆ ಆಗಲ್ಲ, ಮೆಟ್ಟಿಲಿಗೆ ಹೊಡೀತದೆ," ಎಂದ. "ಬಾಯಿ ಮುಂದುಗಡೆ ಇರ್ಬೇಕು. ಒಲೆ ಬಾಯಿ ಥರ."

"ಬಾಯಿ ಮುಂದಿದ್ರೆ ನೀರು ಸೋರಲ್ವಾ?"

"ಟ್ಯೂಬಿನ ರಬ್ಬರು ಹಾಕಿ ಬಿಗೀತೀನಿ."

"ಸೋರಿದ ನೀರು ಎಲ್ಲಿಗೆ ಹೋಗುತ್ತೆ?"

"ಕೆಳಕ್ಕೆ. ಇನ್ನೆಲ್ಲಿಗೆ ಹೋಗ್ತದೆ?"

"ಮೋಟರ್ ಎಲ್ಲಿಡ್ತೀರಿ?"

"ಕೆಳಗೆ."

ರುದ್ರಾಣಿ ಅವನನ್ನೇ ನೋಡಿದಳು. ಗುರುವಯ್ಯ ತಲೆ ಕೆರೆದುಕೊಂಡ.

"ನೀರು ಕೆಳಗೆ ಬೀಳಲಿ. ಕರೆಂಟು ಮೇಲಿರಲಿ," ಎಂದಳು ಅವಳು.

"ಮೋಟರ್ ಭಾರ ಇರುತ್ತಮ್ಮ. ಮೇಲಿಟ್ರೆ ಅಲ್ಲಾಡ್ತದೆ."

"ಅಲ್ಲಾಡಲಿ."

ಅವನು ಗೋಡೆಗೆ ಹಲಸಿನ ಹಲಗೆ ಹೊಡೆದು ಮೋಟರನ್ನು ಅದರ ಮೇಲೆ ಕೂರಿಸಿದ. ಹೋಟೆಲಿನ ಹಳೆಯ ರುಬ್ಬುವ ಯಂತ್ರದ ಮೋಟರು. ಹೊರಗಿನ ತೊಟ್ಟಿಗೆ ಸ್ಟೀಲ್ ತಗಡು. ಒಳಗಿನ ಡ್ರಮ್ಮಿಗೆ ತೂತು ತೂತು ಇರುವ ಜರಡಿ ತಗಡು. ಕಾಫಿ ಬೀಜ ತೊಳೆಯುವಲ್ಲಿ ನೀರು ಸೋಸಲು ಹಾಕುತ್ತಾರಲ್ಲ, ಅದೇ. ಬಟ್ಟೆ ಹಾಕಿ ನೀರು ಬಿಟ್ಟರೆ ಡ್ರಮ್ಮು ತಿರುಗಿ ಒಗೆಯುತ್ತದೆ. ಬುಡದ ಬೂಚು ತೆಗೆದರೆ ನೀರು ಹೋಗುತ್ತದೆ. ಆಮೇಲೆ ಅದೇ ಡ್ರಮ್ಮಿಗೆ ಬಿಸಿಗಾಳಿ. ಅದಕ್ಕೆ ಒಂದು ಡಬ್ಬಿಯೊಳಗೆ ಕರೆಂಟಿಗೆ ಕಾಯುವ ಸುರುಳಿ ತಂತಿಯ ಕಾಯಿಲು, ಅದರ ಹಿಂದೆ ಕುಲುಮೆಗೆ ಗಾಳಿ ಹಾಕುವ ಫ್ಯಾನು.

ಮೇ ತಿಂಗಳ ಕೊನೆಗೆ ಮೊದಲ ಸಲ ಹಾಕಿದರು. ಸ್ವಿಚ್ಚು ಹಾಕಿದ್ದು ಗುರುವಯ್ಯ. ರುದ್ರಾಣಿ ಮಗಳನ್ನು ವಸಂತಮ್ಮನ ಹತ್ತಿರ ಬಿಟ್ಟು ಬಾಗಿಲ ಹೊರಗೆ ನಿಂತಿದ್ದಳು. ಒಂದು ಗಂಟೆ ಬಿಸಿಗಾಳಿ ಬಿಟ್ಟು ಬಾಯಿ ತೆಗೆದರು. ಹಬೆ ಮುಖಕ್ಕೆ ಹೊಡೆಯಿತು. ಶೀಟುಗಳು ಬಿಸಿ ಬಿಸಿಯಾಗಿದ್ದವು, ಒದ್ದೆಯಾಗಿಯೇ ಇದ್ದವು.

ವಸಂತಮ್ಮ ಇಣುಕಿದಳು. "ಗುರುವಯ್ಯ, ಕಡುಬು ಬೆಂದಿದೆ. ಚಟ್ನಿ ಅರೀಲಾ?"

"ಅರಿ ಮಾರಾಯ್ತಿ. ಜೊತೆಗೆ ನನ್ನನ್ನೂ ಅರಿ."

ಅವನು ಕಾಯಿಲು ದೊಡ್ಡದು ಹಾಕಿದ. ಈ ಸಲ ಎರಡು ಶೀಟಿನ ಅಂಚು ಕಂದಿತು. ನಡುವಿನವು ಇನ್ನೂ ಒದ್ದೆ. ರುದ್ರಾಣಿ ಆ ಶೀಟುಗಳನ್ನು ಕೈಯಲ್ಲಿ ಹಿಡಿದು ಮೂಸಿದಳು. ಆ ವಾಸನೆ ಅವಳಿಗೆ ಗೊತ್ತಿತ್ತು. ಗೋಣಿಬೀಡಿನಲ್ಲಿ ಅಪ್ಪನಿಗೆ ಎರಡು ಎಕರೆ ಕಾಫಿ ಇತ್ತು. ಮದುವೆಯಾಗುವ ತನಕ ಅವಳು ಪ್ರತಿ ವರ್ಷ ಕಣದಲ್ಲಿ ಪಾರ್ಚ್‌ಮೆಂಟ್ ಒಣಗಿಸಿದವಳು. ಪಾರ್ಚ್‌ಮೆಂಟ್ ಎಂದರೆ ಸಿಪ್ಪೆ ಬಿಡಿಸಿ ತೊಳೆದ ಬೀಜ; ಅದನ್ನು ತೆಳ್ಳಗೆ ಹರಡಬೇಕು. ದಪ್ಪಗೆ ಹರಡಿದರೆ ಮೇಲೆ ಒಣಗುತ್ತದೆ, ಅಡಿಯಲ್ಲಿ ಹುಳಿಯುತ್ತದೆ. ಒಂದೇ ಕಡೆಗೆ ಎಳೆಯಬಾರದು, ಆಚೆಗೊಮ್ಮೆ ಈಚೆಗೊಮ್ಮೆ ಎಳೆಯಬೇಕು. ಬಿಸಿ ಇರುವಾಗ ಟಾರ್ಪಾಲು ಮುಚ್ಚಬಾರದು. ಮುಚ್ಚಿದರೆ ಬೆವರುತ್ತದೆ. ಬೆವರಿದ ಬೀಜಕ್ಕೆ ಇದೇ ವಾಸನೆ.

"ನೀವು ಬಿಸಿ ಇರುವಾಗಲೇ ಮುಚ್ಚಿಟ್ಟಿದೀರಿ ಗುರುವಯ್ಯನೋರೇ," ಎಂದಳು. "ಬಿಸಿ ಒಳಗೆ ಹೋಗೋಕೆ ದಾರಿ ಇದೆ. ಹಬೆ ಹೊರಗೆ ಹೋಗೋಕೆ ದಾರಿ ಎಲ್ಲಿ?"

ಗುರುವಯ್ಯ ಡ್ರಮ್ಮಿನ ಬಾಯೊಳಗೆ ಕೈ ಹಾಕಿ ಒದ್ದೆ ತಗಡು ಸವರಿದ. "ಇಪ್ಪತ್ತು ವರ್ಷ ಎಸ್ಟೇಟಲ್ಲಿ ಮಷಿನ್ ತಿರುಗಿಸಿದೀನಿ. ಕಣದ ಕಡೆ ತಿರುಗಿ ನೋಡಿಲ್ಲ," ಎಂದ.

ಆಮೇಲೆ ಅವಳು ಹೇಳಿದ ಹಾಗೆ ಮಾಡಿದ. ಒಗೆಯಲು ಎಂಟು ಶೀಟು ಹಾಕಿದರೆ ಒಣಗಿಸುವಾಗ ನಾಲ್ಕೇ. ಡ್ರಮ್ಮು ಆ ಕಡೆ ಸ್ವಲ್ಪ ಹೊತ್ತು, ಈ ಕಡೆ ಸ್ವಲ್ಪ ಹೊತ್ತು ತಿರುಗಬೇಕು, ಇಲ್ಲದಿದ್ದರೆ ಶೀಟು ಹುರಿಹಗ್ಗವಾಗುತ್ತದೆ. ಮೇಲಿನಿಂದ ಹಬೆಗೆ ಒಂದು ತಗಡಿನ ಪೈಪು. ಪೈಪು ಹೋಗಲು ಬೇರೆ ಜಾಗವಿರಲಿಲ್ಲ. ಕಾಯಿಲಿನ ಡಬ್ಬಿಯ ಮೇಲೆಯೇ ಹಾಯಿಸಿ ಗೋಡೆ ಕೊರೆದು ಹೊರಗೆ ಬಿಟ್ಟ.

ಜೂನ್ ಹತ್ತನೇ ತಾರೀಖು, ಹೊರಗೆ ಜಡಿಮಳೆ. ನಾಲ್ಕು ಶೀಟು ಹೊರಗೆ ಬಂದವು. ಒಣಗಿದ್ದವು. ವಸಂತಮ್ಮ ಒಂದನ್ನು ಕೆನ್ನೆಗೆ ಇಟ್ಟುಕೊಂಡು ಸುಮ್ಮನೆ ನಿಂತಳು. ಮಲ್ಲಿಕಾರ್ಜುನಪ್ಪನವರು ಬಂದು ಮುಟ್ಟಿ ನೋಡಿ, "ಇದಪ್ಪ," ಎಂದರು. ರೂಮಿನ ಮಾತು ಎತ್ತಲಿಲ್ಲ. ಎತ್ತಲಿಲ್ಲ ಎಂದರೆ ರೂಮು ಉಳಿಯಿತು ಎಂದು ಅರ್ಥ.

ರುದ್ರಾಣಿ ಮಾತ್ರ ಮಷಿನಿನ ಹಿಂದೆ ಬಗ್ಗಿ ನೋಡುತ್ತಿದ್ದಳು. ಅಲ್ಲಿಂದ ಒಂದು ಹಸಿರು ವೈರು ಹೊರಟು ಪಕ್ಕದ ಬಚ್ಚಲ ನಲ್ಲಿಯ ಪೈಪಿಗೆ ಸುತ್ತಿಕೊಂಡಿತ್ತು.

"ಇದು ಯಾವುದು?"

"ಅರ್ತ್," ಎಂದ ಗುರುವಯ್ಯ. "ಎಲ್ಲಾದ್ರೂ ಕರೆಂಟು ಸೋರಿದ್ರೆ ಅದರಲ್ಲಿ ಭೂಮಿಗೆ ಹೋಗ್ತದೆ. ನಿಂಗೆ ಹೊಡಿಯಲ್ಲ."

"ನಲ್ಲಿಗೆ ಕಟ್ಟಿದೀರಿ."

"ಕಬ್ಬಿಣದ ಪೈಪು. ನೆಲದೊಳಗೆ ಹೋಗ್ತದಲ್ಲ, ಅದೇ ಭೂಮಿ. ಎಲ್ಲರೂ ಹಂಗೇ ಕಟ್ಟೋದು."

ಎಲ್ಲರೂ ತಂತಿಯನ್ನೂ ಹಾಗೇ ಕಟ್ಟುತ್ತಿದ್ದರು. ಅವಳ ಮನಸ್ಸಿಗೆ ಅದು ಬಂತು. ಆದರೆ ಅರ್ತ್ ಬಗ್ಗೆ ಅವಳಿಗೇನು ಗೊತ್ತು? ನಾಲ್ಕನೇ ಕ್ಲಾಸು ಓದಿದವಳು. ಗುರುವಯ್ಯ ಫಿಟ್ಟರು. ಸುಮ್ಮನಾದಳು.

ಸುಮ್ಮನಾದಳೇ ಹೊರತು ಭಯ ಹೋಗಲಿಲ್ಲ. ಮಗಳ ಹಾಸಿಗೆಯನ್ನು ಎದುರು ಗೋಡೆಗೆ ಎಳೆದಳು. ಮಷಿನಿನ ಮುಂದೆ ಒಂದು ಹಲಗೆ ಹಾಕಿ, ಹವಾಯಿ ಚಪ್ಪಲಿ ಹಾಕಿಕೊಂಡು ಅದರ ಮೇಲೆ ನಿಂತು ಸ್ವಿಚ್ಚು ಹಾಕುತ್ತಿದ್ದಳು. ಮೊದಲು ಟೆಸ್ಟರ್ ಹಿಡಿಯುವುದು. ಆಮೇಲೆ ಬೆರಳ ಹಿಂಬದಿಯಿಂದ ಮುಟ್ಟುವುದು. ಅಂಗೈಯಿಂದ ಅವಳು ಮುಟ್ಟಲೇ ಇಲ್ಲ. ಅಂಗೈ ಮುಚ್ಚಿಕೊಂಡರೆ ತೆರೆಯುವುದಿಲ್ಲ, ಅದನ್ನು ಅವಳು ಕಣ್ಣಾರೆ ನೋಡಿದ್ದಳು. ಮೋಟರಿನ ಸದ್ದು ಒಂದು ಚೂರು ಬದಲಾದರೂ ಕೈಯಲ್ಲಿದ್ದದ್ದನ್ನು ಬಿಟ್ಟು ಬಂದು ನೋಡುತ್ತಿದ್ದಳು. ಮಷಿನ್ ನಿಲ್ಲಿಸಿದ ಮೇಲೂ ಕಿವಿಯಲ್ಲಿ ಅದು ತಿರುಗುತ್ತಿತ್ತು.

ಮೇಘಶ್ರೀಗೂ ಕಟ್ಟಳೆ ಮಾಡಿದ್ದಳು. ಅಮ್ಮ ಟೆಸ್ಟರ್ ಹಿಡಿಯದೆ ಏನನ್ನೂ ಮುಟ್ಟಬಾರದು. ಆಗ ಹುಡುಗಿಗೆ ಎಂಟು ವರ್ಷ. ಸ್ಕೂಲಿನಲ್ಲಿ ಮಕ್ಕಳು ಅವಳನ್ನು "ಟೆಸ್ಟರಮ್ಮನ ಮಗಳು" ಎನ್ನುತ್ತಿದ್ದರು.

"ನಮ್ಮ ಕ್ಲಾಸಿನ ಸೌಂದರ್ಯನ ಮನೇಲಿ ಯಾರೂ ನಲ್ಲಿಗೆ ಟೆಸ್ಟರ್ ಹಿಡಿಯಲ್ಲ," ಎಂದಳು ಒಂದು ದಿನ.

"ಸೌಂದರ್ಯನ ಅಪ್ಪ ಇದಾನೆ," ಎಂದಳು ರುದ್ರಾಣಿ.

ಮಗು ಚೀಲ ತೆಗೆದುಕೊಂಡು ಒಳಗೆ ಹೋಯಿತು. ಹಾಗೆ ಹೇಳಬಾರದಿತ್ತು ಎಂದು ರುದ್ರಾಣಿಗೆ ಆಮೇಲೆ ಅನ್ನಿಸಿತು.

ಜುಲೈ ಹೀಗೇ ಕಳೆಯಿತು. ಮಷಿನ್ ತಿರುಗಿತು. ಶೀಟು ಒಣಗಿದವು. ಯಾರಿಗೂ ಏನೂ ಆಗಲಿಲ್ಲ. ವಸಂತಮ್ಮ ಹೇಳಿದಳು, "ನೋಡು, ಎರಡು ತಿಂಗಳಾಯ್ತು. ಇನ್ನಾದ್ರೂ ಆ ಹಲಗೆ ತೆಗಿ. ನನ್ನ ಕಾಲಿಗೆ ಎಡವುತ್ತೆ." ರುದ್ರಾಣಿ ಹಲಗೆ ತೆಗೆಯಲಿಲ್ಲ. ಆದರೆ ದಿನಕ್ಕೆ ಹತ್ತು ಸಲ ಟೆಸ್ಟರ್ ಹಿಡಿಯುತ್ತಿದ್ದವಳು ಐದು ಸಲಕ್ಕೆ ಬಂದಳು. ಒಂದೆರಡು ದಿನ ಬೆಳಿಗ್ಗೆ ಮಾತ್ರ ಹಿಡಿದಳು.

ಆಗಸ್ಟಿನ ಒಂದು ಶನಿವಾರ. ಸ್ಕೂಲು ಮಧ್ಯಾಹ್ನಕ್ಕೇ ಬಿಟ್ಟಿತ್ತು. ಆ ದಿನ ಜನ ಜಾಸ್ತಿ. ಬೆಳಿಗ್ಗೆಯಿಂದ ಮಷಿನ್ ನಿಂತಿರಲಿಲ್ಲ. ರುದ್ರಾಣಿ ರೂಮಿನ ಬಾಗಿಲಲ್ಲಿ ಕೂತು ದಿಂಬಿನ ಕವರು ಮಡಿಸುತ್ತಿದ್ದಳು. ಮೇಘಶ್ರೀ ಕೆಸರು ಕಾಲಲ್ಲಿ ಬಂದಳು. ಚೀಲ ಇಟ್ಟು ಬಚ್ಚಲಿಗೆ ಹೋದಳು. ಬರಿಗಾಲು. ಬಚ್ಚಲ ನೆಲ ಒದ್ದೆ.

"ನಿಲ್ಲು," ಎಂದಳು ರುದ್ರಾಣಿ.

"ಬರೀ ಕಾಲು ತೊಳಿಯೋದಮ್ಮ."

"ನಿಲ್ಲು ಅಂದೆ."

ಹುಡುಗಿ ನಿಂತಳು. ಮುಖ ಊದಿಸಿಕೊಂಡು ನಿಂತಳು. ರುದ್ರಾಣಿ ಎದ್ದಳು. ಮಂಡಿ ನೋಯುತ್ತಿತ್ತು. ಬೇಸರದಿಂದಲೇ ಟೆಸ್ಟರ್ ತೆಗೆದು ನಲ್ಲಿಗೆ ಹಿಡಿದಳು.

ದೀಪ ಹತ್ತಿತು.

ಎರಡು ವರ್ಷದಿಂದ ಸಾವಿರ ಸಲ ಹಿಡಿದಿದ್ದಳು. ಸ್ವಿಚ್ಚಿನ ತೂತು ಬಿಟ್ಟು ಬೇರೆ ಎಲ್ಲೂ ಅದು ಹತ್ತಿದ್ದನ್ನು ಅವಳು ನೋಡಿರಲಿಲ್ಲ. ಮೊದಲು ಅವಳಿಗೆ ನಂಬಿಕೆಯಾಗಲಿಲ್ಲ. ಕೆಂಪು ಚುಕ್ಕೆ. ತೆಗೆದಳು, ಮತ್ತೆ ಹಿಡಿದಳು. ಕೆಂಪು ಚುಕ್ಕೆ.

"ಆಯ್ತಾ?" ಎಂದು ಮೇಘಶ್ರೀ ಕೈ ಚಾಚಿದಳು.

ರುದ್ರಾಣಿ ಅವಳ ಜಡೆ ಹಿಡಿದು ಎಳೆದಳು. ಹುಡುಗಿ ಹೊಸಲಿನಾಚೆ ಹೋಗಿ ಬಿದ್ದು ಅಳತೊಡಗಿದಳು. ಸದ್ದು ಕೇಳಿ ವಸಂತಮ್ಮ ಓಡಿ ಬಂದಳು.

"ಮುಟ್ಟಬೇಡಿ," ಎಂದಳು ರುದ್ರಾಣಿ. "ನಲ್ಲೀಲಿ ಇದೆ. ಮಗೂನ ಹಿಡ್ಕೊಳ್ಳಿ."

ಮಷಿನ್ ಇನ್ನೂ ತಿರುಗುತ್ತಿತ್ತು. ಅದನ್ನು ನಿಲ್ಲಿಸಬೇಕು. ಗುರುವಯ್ಯ ಕಳಸದಲ್ಲಿದ್ದ. ಮಲ್ಲಿಕಾರ್ಜುನಪ್ಪನವರು ಮೂಡಿಗೆರೆಗೆ ಹೋಗಿದ್ದರು. ಮೇಲಿನ ರೂಮಿನವರು ಯಾರಾದರೂ ಇಳಿದು ಬಂದು ನಲ್ಲಿ ತಿರುಗಿಸಿದರೆ ಮುಗಿಯಿತು. ಮಷಿನಿನ ಸ್ವಿಚ್ಚು ಅದರ ಮೈಮೇಲೇ ಇತ್ತು, ಮುಟ್ಟುವ ಹಾಗಿಲ್ಲ. ಮೇನ್ ಸ್ವಿಚ್ಚು ಇದ್ದದ್ದು ಮೆಟ್ಟಿಲ ಬುಡದಲ್ಲಿ, ಮಷಿನಿಗೆ ಒಂದು ಮೊಳ ದೂರ. ಕಬ್ಬಿಣದ ಪೆಟ್ಟಿಗೆ, ಕಬ್ಬಿಣದ ಹಿಡಿ.

ಅವಳು ಹಲಗೆ ಎಳೆದು ಅದರ ಮುಂದೆ ಹಾಕಿದಳು. ಹಲಗೆಯ ಮೇಲೆ ನಿಂತಳು. ಕೈಯೆತ್ತಲು ನೋಡಿದಳು, ಕೈ ಏಳಲಿಲ್ಲ. ಆ ಪೆಟ್ಟಿಗೆಯ ಹಿಡಿ ಅವಳ ಕಣ್ಣಿಗೆ ತಂತಿಯಾಗಿಯೇ ಕಂಡಿತು. ಅದರಲ್ಲಿ ದೇವರಾಜನ ಬೆರಳುಗಳು ಮುಚ್ಚಿಕೊಂಡಿದ್ದವು.

"ವಸಂತಕ್ಕ, ಮರದ ಸೌಟು ಕೊಡಿ."

ವಸಂತಮ್ಮ ಮಗುವನ್ನು ಸೊಂಟಕ್ಕೆ ಅವುಚಿಕೊಂಡೇ ಹೋಗಿ ಮುದ್ದೆ ತಿರುಗಿಸುವ ಕೋಲು ತಂದುಕೊಟ್ಟಳು. ರುದ್ರಾಣಿ ಅದರ ತುದಿಯಿಂದ ಹಿಡಿಯನ್ನು ಕೆಳಗೆ ಒತ್ತಿದಳು. ಮೊದಲ ಸಲ ಜಾರಿತು. ಎರಡನೇ ಸಲ ಹಿಡಿ ಬಿತ್ತು. ಡ್ರಮ್ಮು ಇನ್ನೆರಡು ಸುತ್ತು ತಿರುಗಿ ನಿಂತಿತು.

ಅವಳು ಹಲಗೆಯ ಮೇಲೆಯೇ ಕೂತುಬಿಟ್ಟಳು. ಕೋಲು ಕೈಯಲ್ಲೇ ಇತ್ತು. ಮಗು ಬಂದು ಪಕ್ಕದಲ್ಲಿ ನಿಂತಿತು. ಮುಟ್ಟಬಹುದೋ ಬಾರದೋ ಎಂದು ಗೊತ್ತಾಗದೆ ನಿಂತಿತು.

"ಅಮ್ಮ, ನಿನ್ನ ಮುಟ್ಟಬಹುದಾ?" ಎಂದು ಕೇಳಿತು.

ಆವತ್ತು ರುದ್ರಾಣಿ ಅತ್ತಳು. ಗಂಡ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಸಂಜೆಯ ಬಸ್ಸಿಗೆ ಗುರುವಯ್ಯ ಬಂದ. ಯಾವ ತಮಾಷೆಯನ್ನೂ ಮಾಡಲಿಲ್ಲ. ಮೊದಲು ಕಾಯಿಲಿನ ಡಬ್ಬಿ ಬಿಚ್ಚಿದ. ಒಳಗೆ ನೀರಿತ್ತು. ಮೋಟರಿಗೆ ನೀರು ಬೀಳಬಾರದೆಂದು ಅದನ್ನು ಮೇಲಿಟ್ಟದ್ದು ಸರಿಯಾಗಿಯೇ ಇತ್ತು. ಆದರೆ ಹಬೆ ತಗಡಿನ ಪೈಪಿನಲ್ಲಿ ಹೋಗುತ್ತ ಹೋಗುತ್ತ ತಣಿದು ನೀರಾಗಿತ್ತು. ಪೈಪಿನ ಜಾಯಿಂಟಿನಿಂದ ಒಂದೊಂದೇ ತೊಟ್ಟು ಡಬ್ಬಿಯ ಮೇಲೆ ಬಿದ್ದು ಒಳಗೆ ಇಳಿದಿತ್ತು. ಹಬೆಗೆ ದಾರಿ ಬೇಕು ಎಂದವಳು ರುದ್ರಾಣಿ. ಆ ದಾರಿಯಲ್ಲೇ ನೀರು ವಾಪಸ್ಸು ಬಂದಿತ್ತು.

ಆಮೇಲೆ ಅವನು ಹಾರೆ ತೆಗೆದುಕೊಂಡು ನಲ್ಲಿಯ ಬುಡ ಅಗೆದ. ಎರಡು ಅಡಿ ಕಬ್ಬಿಣದ ಪೈಪು. ಅದರಾಚೆಗೆ ಕರಿ ರಬ್ಬರು ಪೈಪು, ಕರೆಂಟು ಹರಿಯದ್ದು. ಲಾಡ್ಜಿಗೆ ನೀರು ಬರುವುದು ಗುಡ್ಡದ ಮೇಲಿನ ಅಬ್ಬಿಯಿಂದ. ಅಲ್ಲಿಂದ ಇಲ್ಲಿಯ ತನಕ ಒಂದೂವರೆ ಮೈಲಿ ಪೂರ್ತಿ ಕರಿ ಪೈಪು. ಗೋಡೆಯ ಹತ್ತಿರ ಮಾತ್ರ ಗಟ್ಟಿಯಿರಲೆಂದು ಒಂದು ತುಂಡು ಕಬ್ಬಿಣ ಹಾಕಿದ್ದರು. ಹಸಿರು ವೈರು ಹೋದದ್ದು ಭೂಮಿಗಲ್ಲ. ಆ ತುಂಡಿಗೆ. ಮಷಿನಿನಲ್ಲಿ ಸೋರಿದ ಕರೆಂಟು ಅಲ್ಲಿಗೆ ಬಂದು ನಿಂತಿತ್ತು, ಯಾರಾದರೂ ಬಂದು ಮುಟ್ಟಲಿ ಎಂದು.

ಗುರುವಯ್ಯ ಹೊಂಡದ ಪಕ್ಕ ಕುಕ್ಕರಗಾಲಲ್ಲಿ ಕೂತ.

"ನಲ್ಲಿ ನೋಡ್ದೆ. ಪೈಪು ನೆಲಕ್ಕೆ ಇಳಿದದ್ದು ನೋಡ್ದೆ," ಎಂದ. "ನೆಲದೊಳಗೆ ನೋಡ್ಲಿಲ್ಲ. ಈ ಕಡೆ ಎಲ್ಲಾರ ಮನೇಲೂ ಕರಿ ಪೈಪೇ ಅಂತ ನಂಗೆ ಗೊತ್ತಿತ್ತು ಕಣಮ್ಮ. ನಾನೇ ಎಷ್ಟು ಮನೆಗೆ ಎಳೆದುಕೊಟ್ಟಿದೀನಿ."

ರುದ್ರಾಣಿ ಬಯ್ಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. "ಇನ್ನೆಷ್ಟು ಮನೇಲಿ ನಲ್ಲಿಗೆ ಅರ್ತ್ ಕಟ್ಟಿದೀರಿ?" ಎಂದು ಕೇಳಿದಳು.

ಅವನು ಲೆಕ್ಕ ಹಾಕಿದ. "ಹನ್ನೊಂದು," ಎಂದ. ಮಾರನೆಯ ವಾರ ಪೂರ್ತಿ ಅವನು ಆ ಹನ್ನೊಂದು ಮನೆಗಳಿಗೂ ಹೋಗಿ ಬಿಚ್ಚಿ ಬಂದ. ಒಂದೆರಡು ಕಡೆ ಬಯ್ಸಿಕೊಂಡ. ಒಂದು ಕಡೆ ಒಳಗೇ ಬಿಡಲಿಲ್ಲವಂತೆ. ಒಳಗೆ ಬಿಡುವ ತನಕ ಹೊಸಲಿನಿಂದ ಎದ್ದಿಲ್ಲವಂತೆ.

ಮೂಡಿಗೆರೆಯಿಂದ ಬಂದ ಮಲ್ಲಿಕಾರ್ಜುನಪ್ಪನವರಿಗೆ ಸುದ್ದಿ ಕೇಳಿ ಬೆವರು ಬಂತು. ಅವರ ಹಿತ್ತಿಲಲ್ಲಿ ಆಗಲೇ ಒಂದು ಹೆಣ ಬಿದ್ದಿತ್ತು.

"ಕಿತ್ತು ಹಾಕಿ ಅದನ್ನ. ಈಗಲೇ ಕಿತ್ತು ಹಾಕಿ."

"ಕಿತ್ತು ಹಾಕಿ ಏನು ಮಾಡ್ಲಿ?" ಎಂದಳು ರುದ್ರಾಣಿ.

"ಆ ಮಂಗಳೂರಿನವೇ ತರ್ತೀನಿ."

"ಅವಕ್ಕೂ ಅರ್ತ್ ಬೇಕು ಯಜಮಾನ್ರೇ. ಎಲ್ಲಿಗೆ ಕಟ್ತೀರಿ?"

ಅವರು ಬಿಚ್ಚಿಟ್ಟ ಹಸಿರು ವೈರಿನ ಕಡೆ ನೋಡಿದರು.

"ರೂಮು ಉಳಿಸ್ಕೊಳ್ಳೋಕೆ ಅಂತ ಹೇಳ್ತಿಲ್ಲ," ಎಂದಳು. ಆಮೇಲೆ ತಡೆದು, "ಅದಕ್ಕೂ ಹೇಳ್ತಿದೀನಿ," ಎಂದಳು. "ಮಷಿನ್ ಹೋದ್ರೆ ಮತ್ತೆ ಯಾರೋ ಎಲ್ಲೋ ಒಂದು ತಂತಿ ಕಟ್ತಾರೆ. ನಂಗೆ ಮಷಿನ್ ಕಂಡ್ರೆ ಭಯ. ತಂತಿ ಕಂಡ್ರೆ ಅದಕ್ಕಿಂತ ಭಯ. ನಿಜವಾದ ಭೂಮಿಗೆ ಕಟ್ಟಿಸಿ."

ನಿಜವಾದ ಭೂಮಿ ಎಲ್ಲಿದೆ ಎಂದು ನೋಡಿದರು. ಲಾಡ್ಜಿನ ಮುಂದೆ ಕಾರು ನಿಲ್ಲಿಸುವಲ್ಲಿ ಸಿಮೆಂಟು. ಎರಡೂ ಪಕ್ಕ ಸಿಮೆಂಟು. ಬರಿ ಮಣ್ಣು ಉಳಿದಿದ್ದು ಒಂದೇ ಕಡೆ. ಹಿತ್ತಿಲಲ್ಲಿ, ತಗಡಿನ ಮಾಡು ಇದ್ದ ಜಾಗದಲ್ಲಿ.

ಗುರುವಯ್ಯ ಗುದ್ದಲಿ ಹಿಡಿದು ಹೋದ. ರುದ್ರಾಣಿ ಹಿಂದಿನ ಬಾಗಿಲಲ್ಲಿ ನಿಂತಳು. ಎರಡು ವರ್ಷದಿಂದ ಆ ಬಾಗಿಲು ದಾಟಿರಲಿಲ್ಲ. ಒಗೆಯುವ ಕಲ್ಲಿನ ಸುತ್ತ ಹುಲ್ಲು ಬೆಳೆದಿತ್ತು. ತಂತಿ ಕಟ್ಟುತ್ತಿದ್ದ ಮೊಳೆ ಗೋಡೆಯಲ್ಲಿ ಹಾಗೇ ಇತ್ತು, ತುಕ್ಕು ಹಿಡಿದು. ಗುರುವಯ್ಯ ನಾಲ್ಕು ಗುದ್ದಲಿ ಹಾಕಿದ. ಐದನೆಯದಕ್ಕೆ ಅವಳು ಇಳಿದು ಹೋಗಿ, "ಕೊಡಿ ಇಲ್ಲಿ," ಎಂದಳು.

"ನಾನು ಅಗಿತೀನಿ ತಂಗಿ."

"ಎಷ್ಟು ಆಳ ಹೋಗುತ್ತೆ ಅಂತ ನಾನೇ ನೋಡ್ಬೇಕು."

ಒಂದೂವರೆ ದಿನ ಅಗೆದರು. ಆಳುದ್ದಕ್ಕೂ ಹೆಚ್ಚು. ಮಣ್ಣು ಕೆಂಪಗೆ ಬಂತು, ಆಮೇಲೆ ಹಳದಿ, ಆಮೇಲೆ ತಣ್ಣಗೆ ಒದ್ದೆ. ಕಬ್ಬಿಣದ ಪೈಪು ಇಳಿಸಿ, ತೇವ ಹಿಡಿದಿರಲೆಂದು ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ಹಾಕಿದರು. ಇದ್ದಿಲು ವಸಂತಮ್ಮನ ಒಲೆಯದು. ಹಸಿರು ವೈರನ್ನು ಅಲ್ಲಿಗೆ ತಂದು ನಟ್ಟು ಬಿಗಿದರು. ಹಬೆಯ ಪೈಪನ್ನು ಬಿಚ್ಚಿ ಕಾಯಿಲಿನ ಡಬ್ಬಿಯಿಂದ ದೂರ ಸರಿಸಿ, ನೀರು ಹೊರಗೇ ಬೀಳುವ ಹಾಗೆ ಇಳಿಜಾರು ಕೊಟ್ಟರು. ಅದಕ್ಕೆ ಜಾಗ ಬೇಕಾಯಿತು. ರುದ್ರಾಣಿ ತನ್ನ ರೂಮಿನ ಗೋಡೆಯಲ್ಲಿ ಒಂದು ಗೇಣು ಬಿಟ್ಟುಕೊಟ್ಟಳು.

ಕೊನೆಗೆ ಗುರುವಯ್ಯ ಒಂದು ಬಲ್ಬು ತಂದ. ಅದರ ಒಂದು ವೈರು ಕರೆಂಟಿಗೆ, ಇನ್ನೊಂದು ಆ ಹೊಂಡದ ಪೈಪಿಗೆ.

"ಬಲ್ಬು ಮಂಕಾಗಿ ಉರಿದ್ರೆ ಭೂಮಿ ಹಿಡಿದಿಲ್ಲ ಅಂತ. ಚೆನ್ನಾಗಿ ಉರಿದ್ರೆ ಹಿಡಿದಿದೆ ಅಂತ," ಎಂದ. "ನೀನೇ ಸ್ವಿಚ್ಚು ಹಾಕು."

ರುದ್ರಾಣಿ ಹಲಗೆಯ ಮೇಲೆ ನಿಂತು ಹಾಕಿದಳು. ಬಲ್ಬು ಬೆಳ್ಳಗೆ ಉರಿಯಿತು. ಎರಡು ವರ್ಷ ದೀಪ ಹತ್ತದಿರಲಿ ಎಂದೇ ಬದುಕಿದವಳು. ಹತ್ತಿದ ದೀಪ ನೋಡಿ ನಿಂತದ್ದು ಅದೇ ಮೊದಲು. ಆಮೇಲೆ ಹೋಗಿ ನಲ್ಲಿಗೆ ಟೆಸ್ಟರ್ ಹಿಡಿದಳು. ಮಷಿನಿನ ಮೈಗೆ ಹಿಡಿದಳು. ಎರಡರಲ್ಲೂ ಏನೂ ಇರಲಿಲ್ಲ. ಬೆರಳ ಹಿಂಬದಿಯಿಂದ ಮುಟ್ಟಿದಳು. ಗುರುವಯ್ಯ ಅಂಗೈಯಿಟ್ಟು ತೋರಿಸಿದ. ಅವಳು ಇಡಲಿಲ್ಲ.

ಆ ಮಷಿನು ಎಂಟು ವರ್ಷ ತಿರುಗಿತು. ಬೆಲ್ಟು ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ. ಎರಡು ಸಾವಿರದ ಏಳರಲ್ಲಿ ಮಲ್ಲಿಕಾರ್ಜುನಪ್ಪನವರು ಕಂಪನಿಯ ಮಷಿನ್ ತಂದರು. ಒಗೆಯುವುದು ಒಣಗಿಸುವುದು ಎರಡೂ ಒಂದರಲ್ಲೇ, ಮೆಟ್ಟಿಲ ಕೆಳಗೆ ಸರಿಯಾಗಿ ಕೂತಿತು. ಗುರುವಯ್ಯ ಅದರ ಸುತ್ತ ಬಂದು, ಹಿಂದೆ ಬಗ್ಗಿ, "ನಮ್ದನ್ನ ನೋಡಿ ಕದ್ದಿದಾರೆ," ಎಂದ. ಕೂರಿಸಲು ಬಂದ ಹುಡುಗರು, "ಅರ್ತ್ ನಲ್ಲಿಗೆ ಕಟ್ಲಾ ಅಮ್ಮ?" ಎಂದು ಕೇಳಿದರು. ರುದ್ರಾಣಿ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದಳು.

ಆ ವರ್ಷವೇ ಮೇಘಶ್ರೀ ಪಿಯುಸಿಗೆ ಚಿಕ್ಕಮಗಳೂರಿನ ಹಾಸ್ಟೆಲಿಗೆ ಸೇರಿದಳು. ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ರುದ್ರಾಣಿ ಹೊಸ ಟೆಸ್ಟರ್ ಇಟ್ಟಳು. ಹುಡುಗಿ ನೋಡಿದಳು. ಬೇಡ ಎನ್ನಲಿಲ್ಲ. ಯಾರಿಗೂ ಕಾಣದ ಹಾಗೆ ಇನ್ನಷ್ಟು ಕೆಳಗೆ ತಳ್ಳಿದಳು.

ಮಳೆಗಾಲದಲ್ಲಿ ಆ ಹೊಂಡದ ಚಿಂತೆ ಇಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಭೂಮಿ ಕರೆಂಟು ಹಿಡಿಯುವುದಿಲ್ಲ ಎಂದು ಗುರುವಯ್ಯ ಹೇಳಿದ್ದ. ಅದಕ್ಕೆ ಶಿವರಾತ್ರಿ ಕಳೆದ ಮೇಲೆ ರುದ್ರಾಣಿ ದಿನಾ ಸಂಜೆ ಒಂದು ಕೊಡ ನೀರು ತೆಗೆದುಕೊಂಡು ಹಿತ್ತಿಲಿಗೆ ಹೋಗುತ್ತಾಳೆ. ಕಲ್ಲು ಸರಿಸಿ ನಿಧಾನವಾಗಿ ಹೊಯ್ಯುತ್ತಾಳೆ. ಅವಸರ ಮಾಡಿದರೆ ನೀರು ಆಚೆ ಹರಿದುಹೋಗುತ್ತದೆ. ಮಣ್ಣು ಕುಡಿಯುವ ತನಕ ನಿಲ್ಲಬೇಕು. ದೇವರಾಜ ಬಿದ್ದದ್ದು ಅಲ್ಲಿಂದ ಎರಡು ಹೆಜ್ಜೆ. ನೀರು ಇಂಗುವ ತನಕ ಅವಳು ಅಲ್ಲೇ ನಿಂತಿರುತ್ತಾಳೆ. ಆಮೇಲೆ ಒಳಗೆ ಹೋಗಿ, ಹಲಗೆಯ ಮೇಲೆ ನಿಂತು, ಮಷಿನಿಗೆ ಟೆಸ್ಟರ್ ಹಿಡಿದು ನೋಡುತ್ತಾಳೆ.